ಬಲ್ಬು ಕಾಣದ ದೀಪ

ಹೊಸ ಮನೆಗೆ ದೀಪ ಹುಡುಕುತ್ತಿದ್ದೀಯಂತೆ. ಹುಡುಕು ಮಗೂ, ಬೇಡ ಅನ್ನುವುದಿಲ್ಲ. ನಿನ್ನ ಅಭಿರುಚಿ ಒಳ್ಳೆಯದೇ, ಅವಸರದ್ದೇ ಕಾಟ. ಅಂಗಡಿಯಲ್ಲಿ ಯಾವುದು ಕಣ್ಣು ಕುಕ್ಕುತ್ತದೋ ಅದನ್ನೇ ಕಟ್ಟಿಸಿಕೊಂಡು ಬರುವವ ನೀನು. ಅದಕ್ಕೇ ಡೆನ್ಮಾರ್ಕಿನ ದೀಪ ವಿನ್ಯಾಸಕ ಪೌಲ್ ಹೆನ್ನಿಂಗ್ಸೆನ್ ಬಗ್ಗೆ ನಾಲ್ಕು ಮಾತು ಕೇಳಿಸಿಕೊ.

ಆತ ಹುಟ್ಟಿದ್ದು 1894ರಲ್ಲಿ. ಬೆಳೆದದ್ದು ಸೀಮೆಎಣ್ಣೆ ದೀಪದ ಮೆತ್ತನೆಯ ಬೆಳಕಿನಲ್ಲಿ. ಆಮೇಲೆ ಕರೆಂಟು ಬಂತು, ಬೋಳು ಬಲ್ಬು ನೇತಾಡತೊಡಗಿತು. ಆ ಉರಿಬೆಳಕು ಆತನಿಗೆ ಸಹಿಸಲಾಗಲಿಲ್ಲ. ಕಣ್ಣಿಗೆ ಚುಚ್ಚುತ್ತದೆ, ಎದುರು ಕೂತವರ ಮುಖ ಕೆಡಿಸುತ್ತದೆ. ಹಾಗೆಂದು ಗೊಣಗುತ್ತ ಕೂರಲಿಲ್ಲ, ಕೆಲಸಕ್ಕೆ ಕೈಹಾಕಿದ. 1925ರ ಪ್ಯಾರಿಸ್ ಪ್ರದರ್ಶನದಲ್ಲಿ ಆತನ ದೀಪಕ್ಕೆ ಚಿನ್ನದ ಪದಕ ಬಂತು.

ಅಲ್ಲಿಗೆ ನೀನಾಗಿದ್ದರೆ ಇನ್ನೇನೋ ಹೊಸದರ ಬೆನ್ನು ಹತ್ತುತ್ತಿದ್ದೆ, ಇಲ್ಲ ಅನ್ನಬೇಡ. ಆತನೂ ಲೇಖನಗಳನ್ನು ಬರೆದ, ಮನೆಗಳನ್ನು ಕಟ್ಟಿದ; ಆದರೆ ದೀಪವನ್ನು ಮಾತ್ರ ಕೈಬಿಡಲಿಲ್ಲ. ಮೂವತ್ತು ವರ್ಷ ದಾಟಿದ ಮೇಲೆ, 1958ರಲ್ಲಿ, ಲೂಯಿಸ್ ಪೌಲ್ಸೆನ್ ಕಂಪನಿಯಿಂದ ಆತನ ಪಿಎಚ್ 5 ಎಂಬ ತೂಗುದೀಪ ಹೊರಬಂತು. ಇಂದಿಗೂ ಅದು ಡೆನ್ಮಾರ್ಕಿನ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಉರಿಯುತ್ತಿದೆ.

ಅದರ ಹಿಂದಿನ ಕಥೆಯೇ ನನಗೆ ಇಷ್ಟ. ಬಲ್ಬು ಮಾಡುವವರು ಮನಸ್ಸಿಗೆ ಬಂದಂತೆ ಬಲ್ಬಿನ ಆಕಾರ ಬದಲಿಸುತ್ತಿದ್ದರು. ಹಳೆಯ ಅಳತೆಗೆ ಮಾಡಿದ ದೀಪದಲ್ಲಿ ಹೊಸ ಬಲ್ಬು ಇಣುಕುತ್ತಿತ್ತು. ಅವರನ್ನು ತಿದ್ದುವುದು ಆಗದ ಮಾತು. ಸರಿ, ಯಾವ ಬಲ್ಬು ಹಾಕಿದರೂ ಕಣ್ಣಿಗೆ ಬೀಳದಂಥ ದೀಪವನ್ನೇ ಮಾಡಿಬಿಟ್ಟ! ಕಂಡವರನ್ನೆಲ್ಲ ದೂರುವ ಮುಂಚೆ ಈ ಹಠವನ್ನು ಸ್ವಲ್ಪ ನೆನೆಸಿಕೊ.

ಹತ್ತಿರ ಹೋಗಿ ನೋಡು. ಲೋಹದ ಮುಚ್ಚಳಗಳು ಒಂದರ ಕೆಳಗೊಂದು ತಟ್ಟೆ ಬೋರಲು ಹಾಕಿದ ಹಾಗೆ ಕೂತಿವೆ. ದೊಡ್ಡದರ ಅಗಲ 50 ಸೆಂಟಿಮೀಟರ್. ಬೆಳಕು ನೇರವಾಗಿ ಬರುವುದಿಲ್ಲ, ಒಳಗೇ ಬಡಿದು ಹದವಾಗಿ ಇಳಿಯುತ್ತದೆ. ಬಗ್ಗಿ ಇಣುಕಿದರೆ ಒಳಮೈಯಲ್ಲಿ ಒಂದೆಡೆ ಕೆಂಪು, ಒಂದೆಡೆ ನೀಲಿ. ಅದು ಅಲಂಕಾರಕ್ಕಲ್ಲ. ನಮ್ಮ ಕಣ್ಣು ಹಳದಿ, ಹಸಿರನ್ನು ಚುರುಕಾಗಿ ಹಿಡಿಯುತ್ತದೆ. ಕೆಂಪು, ನೀಲಿ ಬಂದಾಗ ಮಂದ. ಆ ಎರಡಕ್ಕೂ ಒಂದಿಷ್ಟು ಬಲ ಕೊಡಬೇಕೆಂಬುದು ಆತನ ಲೆಕ್ಕಾಚಾರ. ಯಾರೂ ಬಗ್ಗಿ ನೋಡದ ಜಾಗಕ್ಕೂ ಇಷ್ಟು ತಲೆ ಕೆಡಿಸಿಕೊಂಡವನ ಕೆಲಸ ಬಾಳದೆ ಇರುತ್ತದೆಯೇ?

ಅದೇ 1958ರಲ್ಲಿ ಕೋಪನ್‌ಹೇಗನ್ನಿನ ಲಾಂಗೆಲೀನಿಯೆ ಪೆವಿಲಿಯನ್ ರೆಸ್ಟೋರೆಂಟಿಗೆಂದು 72 ಎಲೆಗಳ ಆರ್ಟಿಚೋಕ್ ಎಂಬ ದೀಪವನ್ನೂ ಮಾಡಿದ. ನೋಡಲು ವೈಭವವೇ. ಆದರೂ ಮನೆಗೆ ಅಂದರೆ ನನ್ನ ಒಲವು ಪಿಎಚ್ 5 ಕಡೆಗೇ.

ಅದನ್ನೇ ಕೊಳ್ಳು ಎಂದು ಹೇಳುತ್ತಿಲ್ಲ, ದುಬಾರಿ ಸಾಮಾನು. ಸಾಲ ಮಾಡಿ ತೂಗುಹಾಕಿದರೆ ಬೈಸಿಕೊಳ್ಳುತ್ತೀಯ. ಆದರೆ ಯಾವ ದೀಪವನ್ನೇ ಆಗಲಿ, ನಿಂತು ನೋಡಬೇಡ. ಅಂಗಡಿಯವನ ಹತ್ತಿರ ಕುರ್ಚಿ ಕೇಳಿ ಕೂತುಕೊ. ದೀಪವನ್ನು ಮೇಜಿನಿಂದ ಸುಮಾರು 60 ಸೆಂಟಿಮೀಟರ್ ಎತ್ತರಕ್ಕೆ ಇಳಿಸಲು ಹೇಳು. ಜೊತೆಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಎದುರಿಗೆ ಕೂರಿಸು. ಬಲ್ಬು ಕಂಡಿತೋ, ಅವಳು ಕಣ್ಣು ಕಿರಿದು ಮಾಡಿದಳೋ, ಇನ್ನೊಂದು ತೋರಿಸಿ ಅನ್ನು.