ಕೀಲಿಕೈ ಯಾರ ಕೈಯಲ್ಲಿರಬೇಕು?

ಉಡುಪಿಯ ಕೃಷ್ಣಮಠದಲ್ಲಿ ಪೂಜೆ ಹಾಗೂ ಆಡಳಿತದ ಹೊಣೆಯು ಎರಡು ವರುಷಗಳಿಗೊಮ್ಮೆ ಅಷ್ಟಮಠಗಳೊಳಗೆ ಸರದಿಯಂತೆ ಸಾಗುವುದನ್ನು ನಾವೆಲ್ಲರೂ ಬಲ್ಲೆವು. ಪರ್ಯಾಯದ ದಿನ ಅಕ್ಷಯಪಾತ್ರೆ, ಸಟ್ಟುಗಗಳೊಡನೆ ಕೀಲಿಕೈಯೂ ಹೊಸಬರಿಗೆ ಸಲ್ಲುತ್ತದೆ. 2026ರ ಜನವರಿ 18ರಂದು ಅದು ಪುತ್ತಿಗೆ ಮಠದಿಂದ ಶೀರೂರು ಮಠಕ್ಕೆ ಸಂದಿತು. ಅಧಿಕಾರವು ಸ್ಥಾನಕ್ಕೆ ಸೇರಿದುದೇ ಹೊರತು ವ್ಯಕ್ತಿಗಲ್ಲ. ಗಣಕಯಂತ್ರದಲ್ಲಿ ಅಧಿಕಾರ ಹಂಚುವ ವಿಧಾನಕ್ಕೂ ಇದೇ ತಳಹದಿ.

ಮಣಿಪಾಲದ ಕಾಲೇಜೊಂದರ ಗ್ರಂಥಾಲಯಕ್ಕಾಗಿ ನಾವು ವೆಬ್ ಅಪ್ಲಿಕೇಶನ್ ರಚಿಸುತ್ತಿರುವೆವೆಂದು ಭಾವಿಸೋಣ. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಅನುಮತಿ ಬರೆಯುತ್ತ ಹೋದರೆ, ಕೆಲಸ ಬಿಟ್ಟವರ ಅನುಮತಿಯು ಎಲ್ಲೋ ಉಳಿದುಬಿಡುವುದು. ಆದುದರಿಂದ ನಾಟಕದಲ್ಲಿರುವಂತೆ ಮೊದಲು ಪಾತ್ರಗಳನ್ನು ಗೊತ್ತುಪಡಿಸಬೇಕು: ಓದುಗ, ಗ್ರಂಥಪಾಲ, ಆಡಳಿತಗಾರ. ಅನುಮತಿಯು ಪಾತ್ರಕ್ಕೆ, ಪಾತ್ರವು ವ್ಯಕ್ತಿಗೆ. ಅಮೆರಿಕದ ಫೆರಾಯೊಲೊ ಮತ್ತು ಕೂನ್ ಎಂಬವರು 1992ರಲ್ಲಿ ಈ ಕ್ರಮಕ್ಕೆ ಶಾಸ್ತ್ರೀಯ ರೂಪವನ್ನಿತ್ತರು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ತತ್ತ್ವವನ್ನು ಸಾಲ್ಟ್ಸರ್ ಮತ್ತು ಶ್ರೋಡರ್ 1975ರಲ್ಲಿಯೇ ವಿವರಿಸಿದ್ದರು.

ಆಡಳಿತಗಾರನ ಗುಂಡಿಯನ್ನು ಪರದೆಯ ಮೇಲೆ ಮರೆಮಾಡಿದರೆ ಸಾಲದು. ಪುಟದ ವಿಳಾಸ ಬಲ್ಲವನು ಗುಂಡಿಯಿಲ್ಲದೆಯೂ ಕೋರಿಕೆ ಕಳುಹಿಸಬಲ್ಲನು. ಪ್ರತಿಯೊಂದು ಕೋರಿಕೆಯನ್ನೂ ಸರ್ವರ್ ತಾನೇ ಪರೀಕ್ಷಿಸಿ, ಸ್ಪಷ್ಟ ಅನುಮತಿಯಿಲ್ಲದುದನ್ನು ನಿರಾಕರಿಸಬೇಕು. ಮೊದಲನೆಯ ಆಡಳಿತಗಾರನನ್ನು ಸರ್ವರಿನೊಳಗಿನಿಂದಲೇ ನೇಮಿಸತಕ್ಕದ್ದು. ಮೊದಲು ಹೆಸರು ನೋಂದಾಯಿಸಿದವನೇ ಆಡಳಿತಗಾರನೆಂದು ಬಿಟ್ಟರೆ ಅಪರಿಚಿತನೇ ಒಡೆಯನಾದಾನು!

ಇಷ್ಟು ಎಚ್ಚರವೇಕೆ? ಕಾಪು, ಕಾರ್ಕಳಗಳ ರೈತನ ಪಹಣಿಯನ್ನು ನೆನೆಯಿರಿ. ಅದರ ಒಂದು ಸಾಲು ತಪ್ಪಿದರೆ ಅವನ ಗದ್ದೆಯ ಹಕ್ಕೇ ವಿವಾದಕ್ಕೆ ಬೀಳುವುದು. ಹಿಂದೆ ಪಹಣಿ ಪುಸ್ತಕಗಳು ಗ್ರಾಮ ಲೆಕ್ಕಿಗರ ವಶದಲ್ಲಿದ್ದವು; ಯಾರು ಯಾವಾಗ ತಿದ್ದಿದರೆಂದು ಪತ್ತೆಹಚ್ಚುವುದು ಕಷ್ಟವಾಗಿತ್ತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ 'ಭೂಮಿ' ಯೋಜನೆಯಲ್ಲಿ ಸಿಬ್ಬಂದಿಯು ಬೆರಳಚ್ಚು ಒತ್ತಿಯೇ ಒಳಹೋಗುವ ಏರ್ಪಾಡಾಯಿತು. ಹಕ್ಕು ಬದಲಾವಣೆಯನ್ನು ದಾಖಲಿಸುವವರು ಒಬ್ಬರು, ಒಪ್ಪಿಗೆ ನೀಡುವ ಕಂದಾಯ ನಿರೀಕ್ಷಕರು ಇನ್ನೊಬ್ಬರು. ಮಾಡಿದ ಕೆಲಸಕ್ಕೆ ಮಾಡಿದವರ ಗುರುತು ಅಂಟಿಕೊಂಡಿರುವುದರಿಂದ "ನಾನಲ್ಲ" ಎನ್ನುವಂತಿಲ್ಲ.

ವಿದ್ಯಾರ್ಥಿಗಳು ತಮ್ಮ ಶಾಲೆಯ ಅಂಕಪಟ್ಟಿಗೆ ಇಂತಹದೇ ಕೋಷ್ಟಕವೊಂದನ್ನು ಬರೆದು ನೋಡಲಿ. ಓದುವವರು ಯಾರು? ತಿದ್ದುವವರು ಯಾರು? ಒಪ್ಪಿಗೆ ಕೊಡುವವರು ಯಾರು? ಕೆಲಸ ಬಿಟ್ಟವರ ಅಧಿಕಾರವನ್ನು ಹಿಂಪಡೆಯುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ಕೀಲಿಕೈಯು ಇನ್ನೂ ಹಳಬರ ಜೇಬಿನಲ್ಲಿಯೇ ಇದೆಯೆಂದು ತಿಳಿಯಬೇಕು.