ಚಾರ್ಜ್ ವಹಿಸಿಕೊಳ್ಳುವ ಮಗಳಿಗೆ ದೊಡ್ಡಪ್ಪನ ಕಿವಿಮಾತು

ಮಗಳೇ, ಮುಂದಿನ ವಾರ ನೀನು ಶಾಲೆಯ ಪ್ರಭಾರ ಮುಖ್ಯ ಶಿಕ್ಷಕಿಯಾಗುತ್ತೀಯ ಎಂದು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಪಾಠ ಮಾಡುವ ವಿಷಯದಲ್ಲಿ ನಿನಗೆ ನಾನು ಹೇಳಿಕೊಡಬೇಕಾದ್ದೇನೂ ಇಲ್ಲ. ಆದರೆ ನಗದು ಪುಸ್ತಕ ಬರೆಯುವುದನ್ನು ನಮ್ಮ ಮೇಷ್ಟ್ರುಗಳಲ್ಲಿ ಬಹಳ ಮಂದಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಹಣ ದುರುಪಯೋಗದ ಆರೋಪ ಹೊತ್ತು ಕಟಕಟೆಯಲ್ಲಿ ನಿಂತ ಶಿಕ್ಷಕರನ್ನು ನಾನು ಕಂಡಿದ್ದೇನೆ. ಕದಿಯಬೇಕೆಂದೇ ಆ ಕುರ್ಚಿಯಲ್ಲಿ ಕೂತವರು ಅವರಲ್ಲಿ ಕಡಿಮೆ. ಅದಕ್ಕೇ ನನಗೆ ಇಷ್ಟು ಆತಂಕ, ಅದಕ್ಕೇ ಇಷ್ಟು ಉದ್ದದ ಪತ್ರ.

• ಶಾಲೆಯ ಹಣದಲ್ಲಿ ಕೈಗಡ ಎಂಬುದಿಲ್ಲ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡ. ಮನೆಯಲ್ಲಿ ಯಾರಿಗೋ ಆಸ್ಪತ್ರೆಯ ಖರ್ಚು. ಸಂಬಳಕ್ಕೆ ಇನ್ನೂ ಎಂಟು ದಿನ. ಬೀರುವಿನಲ್ಲಿ ಪ್ರವಾಸಕ್ಕೆಂದು ಮಕ್ಕಳು ತಂದುಕೊಟ್ಟ ಹಣ. ಸಂಬಳವಾದ ಕೂಡಲೇ ಇಟ್ಟುಬಿಟ್ಟರಾಯಿತು ಅನ್ನಿಸುತ್ತದೆ, ಇಟ್ಟೂ ಇಡುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಮುಂದಿನ ಸಲ ಮೊತ್ತ ದೊಡ್ಡದಾಗುತ್ತದೆ, ವಾಪಸ್ ಇಡುವ ದಿನ ದೂರವಾಗುತ್ತದೆ. ಅದರ ಮುಂದಿನ ಸಲ ಹಳೆಯ ತೂತು ಮುಚ್ಚಲು ಹೊಸ ಅನುದಾನ ಬರಲಿ ಎಂದು ಕಾಯುವ ಸ್ಥಿತಿ. ಸ್ವಲ್ಪ ಕಾಲಕ್ಕೆಂದು ಅಪ್ರಾಮಾಣಿಕವಾಗಿ ಬಳಸಿಕೊಂಡರೂ ಅದು ದುರುಪಯೋಗವೇ ಎಂದು 1860ರ ಭಾರತೀಯ ದಂಡ ಸಂಹಿತೆಯ 403ನೇ ಕಲಮಿನ ವಿವರಣೆಯಲ್ಲೇ ಬರೆದಿದ್ದರು. ಈಗಿನ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮೂ ಅದನ್ನೇ ಹೇಳುತ್ತದೆ. ವಾಪಸ್ ಕಟ್ಟಿದರೆ ಶಿಕ್ಷೆ ಸ್ವಲ್ಪ ಇಳಿದೀತು, ಆದರೆ ಮಾಡಿದ ಅಪರಾಧ ಅಳಿಸಿಹೋಗುವುದಿಲ್ಲ. ನಿನಗೆ ಹಣದ ಅಡಚಣೆಯಾದರೆ ನನ್ನನ್ನು ಕೇಳು, ನಿನ್ನ ಚಿಕ್ಕಪ್ಪನನ್ನು ಕೇಳು, ಒಡವೆ ಅಡವಿಡು. ಶಾಲೆಯ ಬೀರುವಿನ ಕಡೆ ಮಾತ್ರ ನೋಡಬೇಡ.

• ಕಾನೂನಿನ ಭಾರ ಎಷ್ಟೆಂದು ಮೊದಲೇ ತಿಳಿದಿರಲಿ. ನಂಬಿ ನಿನ್ನ ವಶಕ್ಕೆ ಒಪ್ಪಿಸಿದ ಸ್ವತ್ತನ್ನು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡರೆ, ಅಥವಾ ಬೇರೆಯವರು ಹಾಗೆ ಬಳಸಿಕೊಳ್ಳಲು ಬೇಕೆಂದೇ ಬಿಟ್ಟರೆ, ಅದು ಅಪರಾಧಿಕ ನಂಬಿಕೆ ದ್ರೋಹ. 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 316ನೇ ಕಲಂ ಅನ್ವಯಿಸುತ್ತದೆ. ಅದಕ್ಕೂ ಮುಂಚಿನ ಕೃತ್ಯಗಳಿಗೆ ಹಳೆಯ 405ರಿಂದ 409ರವರೆಗಿನ ಕಲಂಗಳು. ಸಾಮಾನ್ಯರು ಮಾಡಿದರೆ 5 ವರ್ಷದವರೆಗೆ ಜೈಲು. ನೀನು ಸರ್ಕಾರಿ ನೌಕರಿಯಲ್ಲಿರುವವಳು. ನಿನಗೆ ಅನ್ವಯಿಸುವುದು 316ರ 5ನೇ ಉಪಕಲಂ: 10 ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ, ಜೊತೆಗೆ ದಂಡ. ಇದರ ಮೇಲೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 13ನೇ ಕಲಂ ಬಿದ್ದರೆ ಕನಿಷ್ಠವೇ 4 ವರ್ಷ. ಇಲಾಖಾ ವಿಚಾರಣೆ ಬೇರೆ. ನಿವೃತ್ತಿಯಾದ ಮೇಲೂ ಕರ್ನಾಟಕ ನಾಗರಿಕ ಸೇವಾ ನಿಯಮಗಳ (ಕೆಸಿಎಸ್‌ಆರ್) 214ನೇ ನಿಯಮದಡಿ ಪಿಂಚಣಿಗೆ ಕೈ ಹಾಕಲು ಸರ್ಕಾರಕ್ಕೆ ಅಧಿಕಾರವಿದೆ. ಖಾಸಗಿ ಶಾಲೆಯಲ್ಲಿ ಗುಮಾಸ್ತನಾಗಿರುವ ನಿನ್ನ ತಮ್ಮನಿಗೂ ಇದನ್ನು ಓದಿಹೇಳು. ಗುಮಾಸ್ತ, ನೌಕರ ಇಂಥವರಿಗೆಂದೇ ಇರುವ 4ನೇ ಉಪಕಲಮಿನಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ.

• ಖಾಲಿ ಚೆಕ್ಕಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರ ಸಹಿ ಹಾಕಿಸಿಟ್ಟುಕೊಳ್ಳಬೇಡ. ‘ಮೇಡಂ, ನಾನು ದಿನವೆಲ್ಲ ಹೊಲದಲ್ಲಿರ್ತೀನಿ, ಹತ್ತು ಚೆಕ್ಕಿಗೆ ಈಗಲೇ ಹಾಕಿಕೊಡ್ತೀನಿ’ ಎಂದು ಅವರೇ ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ನೀನೇ ಹೊಲದ ಬದುವಿಗೆ ಹೋಗಿ ಬಿಲ್ಲು ತೋರಿಸಿ, ಮೊತ್ತ ಓದಿ ಹೇಳಿ, ಆಮೇಲೆ ಸಹಿ ತೆಗೆದುಕೊಂಡು ಬಾ. ಖಾತೆಗೆ ಇಬ್ಬರ ಸಹಿ ಇಟ್ಟಿರುವುದು ಒಬ್ಬರನ್ನೊಬ್ಬರು ಅನುಮಾನಿಸಲಿ ಎಂದಲ್ಲ. ಇಬ್ಬರೂ ಉಳಿಯಲಿ ಎಂದು.

• ಈಗ ಚೆಕ್ಕಿನ ಜಾಗಕ್ಕೆ ಪಾಸ್‌ವರ್ಡ್ ಬಂದಿದೆ. ಆನ್‌ಲೈನ್ ಪಾವತಿಯಲ್ಲಿ ಒಬ್ಬರು ದಾಖಲಿಸಬೇಕು, ಇನ್ನೊಬ್ಬರು ನೋಡಿ ಅನುಮೋದಿಸಬೇಕು. ಎರಡೂ ಲಾಗಿನ್ ಒಬ್ಬರ ಮೊಬೈಲಿನಲ್ಲಿದ್ದರೆ ಆ ವ್ಯವಸ್ಥೆಗೆ ಅರ್ಥವೇ ಉಳಿಯುವುದಿಲ್ಲ. ಕಂಪ್ಯೂಟರ್ ಸೆಂಟರಿನ ಹುಡುಗನಿಗೆ ಒಟಿಪಿ ಫೋನಿನಲ್ಲಿ ಓದಿಹೇಳುವ ಅಭ್ಯಾಸ ನಮ್ಮ ಶಿಕ್ಷಕರಲ್ಲಿ ಹೆಚ್ಚುತ್ತಿದೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ನಾಳೆ ಲೆಕ್ಕ ಕೇಳುವುದು ನಿನ್ನನ್ನು.

• ನಗದು ಪುಸ್ತಕವನ್ನು ಅಂದಂದೇ ಬರೆ. ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಎರಡನ್ನೂ ತಾಳೆ ನೋಡಿ ಸಹಿ ಮಾಡು. ತಪ್ಪಾದರೆ ವೈಟ್‌ನರ್ ಹಚ್ಚಬೇಡ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ಸಹಿ ಹಾಕು. ಆಡಿಟ್ ಬರುವ ವಾರ ಕೂತು ವರ್ಷದ ಲೆಕ್ಕವನ್ನೆಲ್ಲ ಒಂದೇ ಪೆನ್ನಿನಲ್ಲಿ ಬರೆದ ಪುಸ್ತಕವನ್ನು ಅನುಭವವಿರುವ ಆಡಿಟರ್ ಹಾಳೆ ತಿರುವಿದ ಕೂಡಲೇ ಹಿಡಿಯುತ್ತಾರೆ.

• ಕೆಲಸ ಮುಗಿಯದೆ ಹಣ ಬಳಕೆ ಪ್ರಮಾಣಪತ್ರಕ್ಕೆ ಸಹಿ ಬೇಡ. ಮಾರ್ಚ್ ಬಂತೆಂದರೆ ಮೇಲಿನಿಂದ ಒತ್ತಡ ಬರುತ್ತದೆ, ‘ಯು.ಸಿ. ಕಳಿಸಿಬಿಡಿ, ಕೆಲಸ ಆಮೇಲೆ ಮಾಡಿಸಿಕೊಳ್ಳಿ’ ಎಂದು. ಅದು ಬಾಯಿಮಾತಿನ ಆದೇಶ. ಸಹಿ ಮಾತ್ರ ನಿನ್ನದು. ಕೆಲಸ ಎಲ್ಲಿಗೆ ಬಂದಿದೆ, ಎಷ್ಟು ಹಣ ಉಳಿದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸು. ಸಮಗ್ರ ಶಿಕ್ಷಣದ ಮಾರ್ಗಸೂಚಿಯ ಪ್ರಕಾರ ಎಪ್ಪತ್ತು ಎಂಬತ್ತು ಮಕ್ಕಳಿರುವ ನಿನ್ನಂಥ ಶಾಲೆಗೆ ವರ್ಷದ ಅನುದಾನ ₹25,000. ಅದರಲ್ಲಿ ಕನಿಷ್ಠ ಶೇ. 10ರಷ್ಟು ಸ್ವಚ್ಛತೆಗೇ ಹೋಗಬೇಕು. ಸೀಮೆಸುಣ್ಣ, ವಿದ್ಯುತ್ ಬಿಲ್, ಮುರಿದ ನಲ್ಲಿ, ಶೌಚಾಲಯದ ಬಾಗಿಲು ಎಲ್ಲವೂ ಇಷ್ಟರಲ್ಲೇ ಆಗಬೇಕು. ಇದರಲ್ಲಿ ಮೂರು ಸಾವಿರ ರೂಪಾಯಿ ಮಾಯವಾದರೆ ಅದು ಬರಿಯ ಮೂರು ಸಾವಿರವಲ್ಲ ಕಣಮ್ಮ. ಬಾಗಿಲಿಲ್ಲದ ಶೌಚಾಲಯ ಎಂಬ ಕಾರಣಕ್ಕೆ ಏಳನೇ ತರಗತಿಯ ಹುಡುಗಿಯೊಬ್ಬಳು ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲೇ ಉಳಿಯುತ್ತಾಳೆ.

• ಬಿಸಿಯೂಟದ ಹಾಜರಿಯಲ್ಲಿ ಒಂದು ತಲೆಯನ್ನೂ ಹೆಚ್ಚಿಗೆ ಬರೆಯಬೇಡ. ನಂಬಿಕೆ ದ್ರೋಹಕ್ಕೆ ನೋಟೇ ಆಗಬೇಕೆಂದಿಲ್ಲ. ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಎಲ್ಲವೂ ಒಪ್ಪಿಸಿದ ಸ್ವತ್ತೇ. ಲೆಕ್ಕ ಹಾಕಿ ನೋಡು. 48 ಮಕ್ಕಳು ಉಂಡ ದಿನ 60 ಎಂದು ಬರೆದರೆ, ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿಯಂತೆ ದಿನಕ್ಕೆ 1 ಕೆ.ಜಿ. 200 ಗ್ರಾಂ ಉಳಿಯುತ್ತದೆ. 200 ಶಾಲಾ ದಿನಗಳಿಗೆ 240 ಕೆ.ಜಿ. ಐವತ್ತು ಕೆ.ಜಿ.ಯ ಐದು ಚೀಲಕ್ಕೆ ಹತ್ತೇ ಕೆ.ಜಿ. ಕಡಿಮೆ! ಅದು ಬಿಸಿಯೂಟದ ಕೋಣೆಯಿಂದ ಯಾವ ದಾರಿಯಲ್ಲಿ ಹೊರಗೆ ಹೋಯಿತು ಎಂದು ಕೇಳಿದರೆ ಏನು ಹೇಳುತ್ತೀ? ಕ್ಷೀರಭಾಗ್ಯ ಯೋಜನೆಯ ಹಾಲಿನ ಪುಡಿ ಕಾಳಸಂತೆಗೆ ಹೋಗುವಾಗ ಸಿಕ್ಕಿಬಿದ್ದ ಸುದ್ದಿಯನ್ನು ನಾವೇ ಪತ್ರಿಕೆಯಲ್ಲಿ ಓದಿ ಬೈದಿದ್ದೇವೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹೆಚ್ಚು ಹಾಜರಿ ಬರೆಯುವವರೆಲ್ಲ ಅಕ್ಕಿ ಮಾರುವವರಲ್ಲ. ತರಕಾರಿಯ ಬೆಲೆ ಏರುತ್ತದೆ, ಸಾದಿಲ್ವಾರು ಸಾಲುವುದಿಲ್ಲ, ಮುಖ್ಯ ಶಿಕ್ಷಕರು ಕೈಯಿಂದ ಹಾಕಿರುತ್ತಾರೆ, ಅದನ್ನು ಸರಿದೂಗಿಸಲು ನಾಲ್ಕು ತಲೆ ಸೇರಿಸುತ್ತಾರೆ. ಅವರ ಕಷ್ಟ ನನಗೆ ಗೊತ್ತು, ಸರ್ಕಾರ ಆ ಕಷ್ಟವನ್ನು ಅವರ ಜೇಬಿನ ಮೇಲೆ ಹೊರಿಸಿದ್ದು ಅನ್ಯಾಯ. ಆದರೂ ಸುಳ್ಳು ಹಾಜರಿ ಅದಕ್ಕೆ ಮದ್ದಲ್ಲ. ಈ ತಿಂಗಳು ಇಷ್ಟು ಕೊರತೆಯಾಯಿತು, ಬಿಲ್ಲುಗಳು ಇಲ್ಲಿವೆ ಎಂದು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಪತ್ರ ಬರೆ. ಉತ್ತರ ಬರದಿದ್ದರೆ ಮತ್ತೆ ಬರೆ. ಆ ಪತ್ರಗಳು ನಿನ್ನ ಫೈಲಿನಲ್ಲಿರಲಿ.

• ಚಿಲ್ಲರೆ ಆದಾಯವೇ ಹೆಚ್ಚು ಕಾಡುತ್ತದೆ. ಶಾಲೆಯ ಅಂಗಳದ ತೆಂಗಿನಕಾಯಿ, ಹುಣಸೆ ಮರದ ಹರಾಜು, ಬಿಸಿಯೂಟದ ಖಾಲಿ ಚೀಲ, ಕೆಡವಿದ ಕೋಣೆಯ ಹೆಂಚು ತೊಲೆ, ರದ್ದಿ. ಇವಕ್ಕೆ ಮೇಲಿನಿಂದ ಯಾರೂ ಲೆಕ್ಕ ಕೇಳುವುದಿಲ್ಲ ಎಂದು ಬೇಕಾಬಿಟ್ಟಿ ಬಿಟ್ಟಿರುತ್ತಾರೆ. ಊರವರಿಗೆ ಮಾತ್ರ ಪ್ರತಿ ಕಾಯಿಯ ಲೆಕ್ಕ ಗೊತ್ತಿರುತ್ತದೆ. ಹರಾಜಾದ ದಿನವೇ ರಸೀದಿ ಕೊಟ್ಟು ಹಣವನ್ನು ಖಾತೆಗೆ ಕಟ್ಟು. ವಾರ್ಷಿಕೋತ್ಸವಕ್ಕೆ, ಪ್ರವಾಸಕ್ಕೆ ಎತ್ತಿದ ಹಣಕ್ಕೂ ಹೀಗೆಯೇ. ಖರ್ಚಿನ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ, ಉಳಿದ ಹಣವನ್ನು ಮಕ್ಕಳಿಗೆ ಹಿಂದಿರುಗಿಸು, ತಲೆಗೆ ಹನ್ನೆರಡು ರೂಪಾಯಿಯಾದರೂ ಸರಿ. ಹಳೆಯ ವಿದ್ಯಾರ್ಥಿಗಳು ಇಟ್ಟ ದತ್ತಿ ಠೇವಣಿಯನ್ನು ಮುಟ್ಟಲೇಬೇಡ, ಬಡ್ಡಿ ಬಂದಷ್ಟರಲ್ಲಿ ಬಹುಮಾನ ಕೊಡು.

• ಎಸ್‌ಡಿಎಂಸಿ ಸಭೆಯನ್ನು ನಿಜವಾಗಿ ನಡೆಸು. ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹೆಬ್ಬೆಟ್ಟು ಹಾಕಿಸಿ ತರುವ ಪದ್ಧತಿ ಎಷ್ಟೋ ಕಡೆ ಇದೆ, ಅದನ್ನು ನಿನ್ನ ಶಾಲೆಯಲ್ಲಿ ಮೊದಲ ದಿನವೇ ನಿಲ್ಲಿಸು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಓದಿಕೋ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. ಅದು ನಿನ್ನ ಔದಾರ್ಯ ಅಲ್ಲ, ಅವರ ಹಕ್ಕು. ಕಪ್ಪು ಹಲಗೆಯ ಮೇಲೆ ಬಂದ ಹಣ, ಹೋದ ಹಣ, ಉಳಿದ ಹಣ ಬರೆ. ಜೋರಾಗಿ ಓದು. ಕೂಲಿ ಬಿಟ್ಟು ಬಂದ ತಾಯಂದಿರು ಮೊದಲ ಸಭೆಯಲ್ಲಿ ಸುಮ್ಮನಿರುತ್ತಾರೆ. ಮೂರನೇ ಸಭೆಯಲ್ಲಿ ‘ಬಣ್ಣ ನಾಕು ಡಬ್ಬ ಅಂತ ಬರೆದೀರಿ, ಹೊಡೆದದ್ದು ಒಂದೇ ಗೋಡೆ’ ಎಂದು ಕೇಳುತ್ತಾರೆ. ಹಾಗೆ ಕೇಳಿದವರ ಮೇಲೆ ಸಿಟ್ಟಾಗಬೇಡ. ನಿನ್ನನ್ನು ಕಾಪಾಡುವವರು ಅವರೇ.

• ಮಾಹಿತಿ ಹಕ್ಕಿನ ಅರ್ಜಿ ಬಂದರೆ ಹೆದರಬೇಡ. ಹತ್ತು ರೂಪಾಯಿ ಕಟ್ಟಿ ಕೇಳುವ ಹಕ್ಕು ಊರಿನ ಯಾರಿಗೂ ಇದೆ. 30 ದಿನದೊಳಗೆ ಉತ್ತರ ಹೋಗಬೇಕು. ಲೆಕ್ಕ ಹಲಗೆಯ ಮೇಲೇ ಇರುವ ಶಾಲೆಗೆ ಇಂಥ ಅರ್ಜಿಗಳು ಕಡಿಮೆ.

• ಸುಳ್ಳು ಆರೋಪ ಬಂದರೂ ಕೈಹಿಡಿಯುವುದು ಕಾಗದವೇ. ಹಣವನ್ನು ಜೇಬಿಗಿಳಿಸಿದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಬೇಕೇಬೇಕೆಂದು ಕೋರ್ಟು ಹೇಳುವುದಿಲ್ಲ. ಬಣ್ಣ ಹಾಕಲು ಒಪ್ಪಿಸಿದ್ದ ಸರ್ಕಾರಿ ಬಟ್ಟೆಗೆ ಲೆಕ್ಕ ಕೊಡದ ಮುಂಬೈ ಗಿರಣಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲೇ ಇದನ್ನು ಹೇಳಿದೆ. ಒಪ್ಪಿಸಿದ್ದು ರುಜುವಾತಾಗಿ, ಲೆಕ್ಕ ಕೊಡಲು ಆಗದೆ, ಕೊಟ್ಟ ಕಾರಣವೂ ಸುಳ್ಳಾದರೆ, ಅಪ್ರಾಮಾಣಿಕ ಉದ್ದೇಶವನ್ನು ಅದರಿಂದಲೇ ಊಹಿಸಬಹುದು. ಕೈಯಿಂದ ಹಣ ಹಾಕಿ ಶಾಲೆ ನಡೆಸಿದ ಎಷ್ಟೋ ಮೇಷ್ಟ್ರು ಬಿಲ್ಲು ಇಟ್ಟುಕೊಳ್ಳದೆ ಕೆಟ್ಟ ಹೆಸರು ಹೊತ್ತರು. ನನಗೆ ಈಗಲೂ ಅವರನ್ನು ನೆನೆದರೆ ಸಂಕಟವಾಗುತ್ತದೆ.

• ಚಾರ್ಜ್ ಪಟ್ಟಿಗೆ ಎಣಿಸದೆ ಸಹಿ ಹಾಕಬೇಡ. ಪಾಸ್‌ಬುಕ್ಕುಗಳು, ಉಳಿದ ಚೆಕ್ ಹಾಳೆಗಳು, ಬಳಸದ ರಸೀದಿ ಪುಸ್ತಕಗಳು, ಅಕ್ಕಿಯ ತೂಕ, ಗ್ಯಾಸ್ ಸಿಲಿಂಡರ್, ಕಂಪ್ಯೂಟರ್, ಕೊನೆಗೆ ತಟ್ಟೆ ಲೋಟ ಕೂಡ. ದಾಸ್ತಾನು ವಹಿ ಒಂದು ಕೈಯಲ್ಲಿ, ಸಾಮಾನು ಇನ್ನೊಂದು ಕೈಯಲ್ಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನೂ (ಸಿಆರ್‌ಪಿ) ಸಮಿತಿಯ ಇಬ್ಬರನ್ನೂ ಎದುರಿಗೆ ಕೂರಿಸಿಕೋ. ‘ಇರಲಿ ಬಿಡಿ ಮೇಡಂ, ನಮ್ಮ ನಮ್ಮಲ್ಲೇ’ ಎಂಬ ಮಾತಿಗೆ ಮಣಿದು ಸಹಿ ಹಾಕಿದರೆ ಅಂದಿನಿಂದ ಆ ಕೊರತೆ ನಿನ್ನ ಹೆಸರಿಗೆ.

• ಕೊರತೆ ಕಂಡರೆ ಪಟ್ಟಿಯಲ್ಲೇ ಷರಾ ಬರೆದು, ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಲಿಖಿತವಾಗಿ ವರದಿ ಮಾಡು. ಊರ ಹಿರಿಯರು ಬರುತ್ತಾರೆ. ‘ಪಾಪ, ಮಕ್ಕಳೊಂದಿಗ ಮೇಷ್ಟ್ರು, ಕಟ್ಟಿಸಿ ಮುಗಿಸಿಬಿಡೋಣ’ ಎನ್ನುತ್ತಾರೆ. ಅವರ ಕರುಣೆ ನಿಜವಾದದ್ದು, ಅದನ್ನು ಹೀಯಾಳಿಸಬೇಡ. ಹಣ ಕಟ್ಟುವುದಾದರೆ ಖಾತೆಗೇ ಕಟ್ಟಲಿ, ರಸೀದಿಯಾಗಲಿ, ವರದಿಯಲ್ಲಿ ಅದೂ ಸೇರಲಿ. ಆದರೆ ವರದಿಯನ್ನು ನುಂಗಬೇಡ. ಗೊತ್ತಿದ್ದೂ ಮುಚ್ಚಿಟ್ಟವರು ಆಮೇಲೆ ಜೊತೆ ಆರೋಪಿಗಳಾಗುತ್ತಾರೆ, ಚಾರ್ಜ್ ಬಿಟ್ಟುಕೊಟ್ಟು ಹೋದ ಮೇಷ್ಟ್ರು ಮುಂದಿನ ಶಾಲೆಯಲ್ಲೂ ಅದೇ ಬೀರುವಿನ ಮುಂದೆ ಕೂರುತ್ತಾರೆ. ಇಲಾಖೆ ಕಣ್ಣುಮುಚ್ಚಿ ಕೂತರೆ ಪೋಷಕರು ಠಾಣೆಗೆ ಹೋಗಬಹುದು. ನಂಬಿಕೆ ದ್ರೋಹ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದ ಅಪರಾಧ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಲೋಕಾಯುಕ್ತಕ್ಕೂ ಹೋಗಬಹುದು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಮಾಡಿದ ಮೇಲೆ ಭ್ರಷ್ಟಾಚಾರದ ಕೇಸುಗಳ ತನಿಖೆ ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ. ದೂರಿನಲ್ಲಿ ಬೈಗುಳ ಬೇಡ. ಯಾವ ತಾರೀಖು, ಯಾವ ಚೆಕ್ಕು, ಎಷ್ಟು ಮೊತ್ತ, ಯಾವ ಕೆಲಸಕ್ಕೆ ಬಂದದ್ದು, ಆ ಕೆಲಸ ಈಗ ಯಾವ ಸ್ಥಿತಿಯಲ್ಲಿದೆ ಎಂದಷ್ಟೇ ಬರೆದು, ಪಾಸ್‌ಬುಕ್ಕಿನ ನಕಲು ಲಗತ್ತಿಸಿದರೆ ಸಾಕು.

ಭಾನುವಾರ ಬಿಡುವಿದ್ದರೆ ಬೆಳಗಿನ ಬಸ್ಸಿಗೆ ಬಾ. ನಗದು ಪುಸ್ತಕದ ಎರಡು ಹಾಳೆ ಬರೆದು ತೋರಿಸುತ್ತೇನೆ, ಮೂರನೆಯದನ್ನು ನೀನು ಬರೆ. ನಿನ್ನ ತಮ್ಮನನ್ನೂ ಕರೆದುಕೊಂಡು ಬಾ.