ಇಂದಿನ ಧಮ್ಮ ಚಿಂತನೆ: ಸೋಣನ ಪಾದರಕ್ಷೆ



ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನದ ಮಾತು ಬಂದಾಗಲೆಲ್ಲ ನಾವು ಸೋಣ ಭಿಕ್ಕುವಿನ ಕಥೆ ಹೇಳುತ್ತೇವೆ. ಚಂಪಾ ನಗರದ ಸಿರಿವಂತರ ಮಗ, ಸುಕುಮಾರ. ರಾಜಗೃಹದ ಬಳಿಯ ಸೀತವನದಲ್ಲಿ ಪಾದದಿಂದ ರಕ್ತ ಸುರಿಯುವವರೆಗೆ ನಡೆದು ಧ್ಯಾನ ಮಾಡಿದ. ಫಲ ಕಾಣಲಿಲ್ಲ, ಮನೆಗೆ ಮರಳೋಣ ಅನ್ನಿಸಿತು. ಆಗ ಬುದ್ಧರು ಅವನಿಗೆ ವೀಣೆಯ ನೆನಪು ಮಾಡಿದರು. ತಂತಿ ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು.

ಕಳೆದ ಭಾನುವಾರ ನಮ್ಮ ಬಳಗದ ಹನ್ನೊಂದು ಮಂದಿ ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಸೈಕಲ್ ತುಳಿದೆವು. ಕೆ.ಆರ್. ಪೇಟೆ ಕಡೆಯವರು ಜಕ್ಕನಹಳ್ಳಿಯಲ್ಲಿ ಕೂಡಿಕೊಂಡರು. ಅಲ್ಲಿಯವರೆಗೆ ನಾಲೆ, ಕಬ್ಬಿನ ಗದ್ದೆ, ಹರಟೆ. ಅಲ್ಲಿಂದ ಮೇಲುಕೋಟೆ ನೋಡಿ ಬರೋಣವೆಂದು ಏರು ಹಿಡಿದಾಗ ಮಾತು ನಿಂತಿತು. ಗೇರ್ ಸೈಕಲ್ ಹುಡುಗರು ತಿರುವಿನಾಚೆ ಮಾಯ. ಪಿಯುಸಿ ಓದುವ ಒಬ್ಬ ಹುಡುಗಿಯದು ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್. ಇಳಿದು ತಳ್ಳಿದರೆ ಅವಮಾನವೆಂದು ಹಲ್ಲು ಕಚ್ಚಿ ತುಳಿದಳು. ಮೀನಖಂಡ ಹಿಡಿದುಕೊಂಡಿತು. "ನನ್ ಕೈಲಾಗಲ್ಲ ಅಣ್ಣ, ವಾಪಸ್ ಹೋಗ್ತೀನಿ" ಅಂದಳು.

ನಾನು ವೀಣೆಯ ಕಥೆ ಹೇಳಿದೆ. ಅವಳು ಕೇಳಿ, "ಅವರಿಗೇನಣ್ಣ, ಗೇರ್ ಐತೆ" ಅಂದಳು. ಸರಿಯಾದ ಮಾತೇ. ತಂತಿ ಹದ ಮಾಡಿಕೊಳ್ಳಲು ಮೊದಲು ಕೈಯಲ್ಲಿ ವೀಣೆ ಇರಬೇಕಲ್ಲ!

ವಿನಯ ಪಿಟಕದಲ್ಲಿ ಈ ಕಥೆ ವೀಣೆಗೆ ಮುಗಿಯುವುದಿಲ್ಲ. ನಾವೇ ಅಲ್ಲಿಗೆ ನಿಲ್ಲಿಸುತ್ತೇವೆ, ಅದು ನನಗೆ ಹಿಡಿಸದು. ಮುಂದೆ ಬುದ್ಧರು ಸೋಣನಿಗೆ ಒಂದು ಪದರದ ಪಾದರಕ್ಷೆ ತೊಡಲು ಅನುಮತಿ ಕೊಡುತ್ತಾರೆ. ಸೋಣ ಒಪ್ಪುವುದಿಲ್ಲ. ಸಂಘಕ್ಕೆಲ್ಲ ಅನುಮತಿ ಸಿಕ್ಕರೆ ತೊಡುತ್ತೇನೆ, ನನಗೊಬ್ಬನಿಗೆ ಬೇಡ ಅನ್ನುತ್ತಾನೆ. ಬುದ್ಧರು ಎಲ್ಲ ಭಿಕ್ಕುಗಳಿಗೂ ಅನುಮತಿಸುತ್ತಾರೆ. ಒಬ್ಬನ ಗಾಯದಿಂದ ಎಲ್ಲರ ನಿಯಮ ಬದಲಾಯಿತು.

ಅಷ್ಟರಲ್ಲಿ ಮುಂದೆ ಹೋದವರು ಇಳಿದು ಬಂದರು. ಸೈಕಲ್ ಬದಲಾಯಿಸಿಕೊಂಡು, ಕಡಿದಾದಲ್ಲಿ ಎಲ್ಲರೂ ತಳ್ಳಿಕೊಂಡು ಹತ್ತಿದೆವು.

ಹತ್ತಿದ ಊರು ಯಾವುದು ನೋಡಿ. ರಾಮಾನುಜರಿಗೆ ನೆರವಾದರೆಂದು ನಮ್ಮ ಹಿರಿಯರಿಗೆ ಮೇಲುಕೋಟೆಯ ಗುಡಿಯೊಳಗೆ ವರ್ಷಕ್ಕೆ ಮೂರು ದಿನ ಪ್ರವೇಶ ಕೊಟ್ಟರೆಂಬುದು ಪರಂಪರೆಯ ಕಥೆ. ಅದನ್ನು ಔದಾರ್ಯವೆಂದು ಹೊಗಳುವವರು ಇಂದಿಗೂ ಇದ್ದಾರೆ. ಉಳಿದ 362 ದಿನ? 1950ರಲ್ಲಿ ಜಾರಿಗೆ ಬಂದ ಬಾಬಾಸಾಹೇಬರ ಸಂವಿಧಾನದ 17ನೇ ವಿಧಿಯಲ್ಲಿ ದಿನಗಳ ಲೆಕ್ಕವಿಲ್ಲ.

ಈ ಭಾನುವಾರದ ಓದಿಗೆ ಮಹಾವಗ್ಗದ ಐದನೆಯ ಅಧ್ಯಾಯ. ಸೋಣನ ಕಥೆಯನ್ನು ಪಾದರಕ್ಷೆಯವರೆಗೂ ಓದಿಕೊಂಡು ಬನ್ನಿ.